ವೃತ್ತಿಗೆ ನಿವೃತ್ತಿ, ಕಾಯಕಕ್ಕೆ ಉಂಟೇ?

ಮೂವತ್ತು ಮೂವತ್ತೈದು ವರ್ಷ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ದುಡಿದ ಗೃಹಸ್ಥನಿಗೆ ಅರವತ್ತು ತುಂಬಿದೊಡನೆ ಹಾರ ಹಾಕಿ, ಶಾಲು ಹೊದಿಸಿ, ಫಲತಾಂಬೂಲವನ್ನಿತ್ತು ಮನೆಗೆ ಕಳುಹಿಸುವುದು ಲೋಕದ ರೂಢಿ. ಮೊದಲ ತಿಂಗಳು ಬಂಧುಬಳಗದ ಊರುಗಳನ್ನು ನೋಡಿ ಬರುವುದರಲ್ಲಿ ಕಳೆಯುತ್ತದೆ. ಎರಡನೆಯ ತಿಂಗಳು ಮನೆಯ ಹಂಚು, ಬಾಗಿಲು, ಬಾವಿಗಳ ದುರಸ್ತಿಯಲ್ಲಿ ಹೋಗುತ್ತದೆ. ಮೂರನೆಯ ತಿಂಗಳಿನಿಂದ ಹಗಲು ಉದ್ದವಾಗತೊಡಗುತ್ತದೆ. ಹತ್ತು ಗಂಟೆಯಾಯಿತೆಂದರೆ ಕಾಲು ತಾನಾಗಿಯೇ ಚಪ್ಪಲಿಯ ಕಡೆಗೆ ನಡೆಯುತ್ತದೆ. ಹೋಗಬೇಕಾದ ಸ್ಥಳವೊಂದೂ ಇಲ್ಲವೆಂಬುದು ಹೊಸ್ತಿಲ ಬಳಿ ನೆನಪಾಗುತ್ತದೆ. ನಿನ್ನೆಯವರೆಗೆ ಹತ್ತು ಮಂದಿ ಸಲಹೆ ಕೇಳುತ್ತಿದ್ದವನನ್ನು ಇಂದು ಮನೆಯ ಮಕ್ಕಳೂ ಏನನ್ನೂ ಕೇಳುವುದಿಲ್ಲ. ಆಗ ಮನಸ್ಸಿನ ಆಳದಲ್ಲಿ ಒಂದು ಮಾತು ಹುಟ್ಟುತ್ತದೆ: "ಇನ್ನು ನನ್ನಿಂದ ಯಾರಿಗೆ ಏನಾಗಬೇಕಾಗಿದೆ?"

ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಮಠದ ಕಟ್ಟೆಗಳ ಮೇಲೆ ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕುಳಿತವರು ಕಡಮೆ ಇಲ್ಲ. ಅವರ ಕೊರಗು ಹಗುರವಾದುದಲ್ಲ. ಹೊಟ್ಟೆಯ ಹಸಿವಿಗೆ ಅನ್ನವುಂಟು. ತಾನು ಬೇಡವಾದೆನೆಂಬ ಹಸಿವಿಗೆ ಯಾವ ಅನ್ನವುಂಟು? ಇದಕ್ಕೆ ಶರಣಧರ್ಮವು ಕೊಡುವ ಉತ್ತರವನ್ನು ಸದ್ಭಕ್ತರು ಸಾವಧಾನದಿಂದ ವಿಚಾರಿಸತಕ್ಕದ್ದು.

ಪದವಿಚಾರ

ಮೊದಲು 'ನಿವೃತ್ತಿ' ಎಂಬ ಶಬ್ದವನ್ನೇ ನೋಡಬೇಕು. 'ವೃತ್' ಎಂಬ ಧಾತುವಿನಿಂದ ವೃತ್ತಿ, ಪ್ರವೃತ್ತಿ, ನಿವೃತ್ತಿ ಎಂಬ ಮೂರು ಶಬ್ದಗಳು ಹುಟ್ಟಿವೆ. ವೃತ್ತಿಯೆಂದರೆ ಇರುವಿಕೆ, ನಡೆವಳಿಕೆ, ಅದರಿಂದ ಜೀವನೋಪಾಯ. ಪ್ರವೃತ್ತಿಯೆಂದರೆ ಮುಂದಕ್ಕೆ ಹೊರಳುವುದು. ನಿವೃತ್ತಿಯೆಂದರೆ ಹಿಂದಕ್ಕೆ ಮರಳುವುದು. ಶಾಸ್ತ್ರಗಳಲ್ಲಿ ನಿವೃತ್ತಿಯು ದೊಡ್ಡ ಮಾತು. ವಿಷಯಗಳ ಕಡೆಗೆ ಹರಿಯುವ ಮನಸ್ಸು ತನ್ನ ಮೂಲಕ್ಕೆ ಮರಳುವುದೇ ಅದರ ಅರ್ಥ. ಇಂದಿನ ಸರಕಾರೀ ಆದೇಶದ ನಿವೃತ್ತಿಯಾದರೋ ಹಾಜರಿ ಪುಸ್ತಕದಿಂದ ಹೆಸರು ತೆಗೆಯುವುದಷ್ಟೆ. ಶಬ್ದ ಒಂದೇ, ಅರ್ಥ ಎರಡು. ಹೆಸರು ಪುಸ್ತಕದಿಂದ ಹೋಯಿತು, ಆದರೆ ಮನಸ್ಸು ಆ ಕುರ್ಚಿಯಲ್ಲಿಯೇ ಕುಳಿತಿದೆ ಎಂದಾದರೆ ಅವನಿಗೆ ಮೊದಲನೆಯ ನಿವೃತ್ತಿಯೂ ಆಗಲಿಲ್ಲ, ಎರಡನೆಯದೂ ದಕ್ಕಲಿಲ್ಲ. ದುಃಖದ ಬೇರು ಇಲ್ಲಿದೆ.

ಸ್ಮೃತಿಕಾರರು ಈ ವಯಸ್ಸಿಗೆ ವಾನಪ್ರಸ್ಥವನ್ನು ವಿಧಿಸಿದರು. ಕೂದಲು ನೆರೆತು, ಮೊಮ್ಮಗನ ಮುಖ ಕಂಡ ಮೇಲೆ ಗೃಹಸ್ಥನು ಕಾಡಿನ ದಾರಿ ಹಿಡಿಯಬೇಕೆಂದರು. ಹನ್ನೆರಡನೆಯ ಶತಮಾನದ ಶರಣರು ಆಶ್ರಮಗಳ ಈ ಮೆಟ್ಟಿಲುಗಳನ್ನು ಒಪ್ಪಲಿಲ್ಲ. ಮನೆಯಲ್ಲಿದ್ದುಕೊಂಡೇ, ಸತಿಪತಿಗಳು ಕೂಡಿಯೇ, ಕೈಯಲ್ಲಿ ಲಿಂಗವನ್ನೂ ಕೆಲಸವನ್ನೂ ಹಿಡಿದೇ ಪರವನ್ನು ಸಾಧಿಸಬಹುದೆಂದು ಅವರು ನಡೆದು ತೋರಿಸಿದರು. ಕಾಡಿಗೆ ಹೋಗುವ ಅಗತ್ಯವನ್ನು ಅವರು ತೆಗೆದುಹಾಕಿದ್ದು 'ಕಾಯಕ' ಎಂಬ ತತ್ತ್ವದಿಂದ.

ಕಾಯದಿಂದ ಆಗುವುದು ಕಾಯಕ. ಆದರೆ ಕೇವಲ ದುಡಿಮೆ ಕಾಯಕವಾಗಲಾರದು. ಅದು ಸತ್ಯಶುದ್ಧವಾಗಿರಬೇಕು, ಅದರಲ್ಲಿ ಮೇಲುಕೀಳಿನ ಎಣಿಕೆ ಇರಬಾರದು, ಅದರ ಫಲವು ತನ್ನ ಅಗತ್ಯವನ್ನು ಕಳೆದು ದಾಸೋಹಕ್ಕೆ ಸಲ್ಲಬೇಕು. ಈ ಮೂರು ಲಕ್ಷಣಗಳಲ್ಲಿ ಸಂಬಳದ ಮಾತೆಲ್ಲಿದೆ? ವಯಸ್ಸಿನ ಮಾತೆಲ್ಲಿದೆ? ಆದುದರಿಂದ ವೃತ್ತಿಗೆ ನಿವೃತ್ತಿಯುಂಟು, ಕಾಯಕಕ್ಕೆ ಇಲ್ಲ. ನುಲಿಯ ಚಂದಯ್ಯನಂಥ ಶರಣನು ಗುರು, ಲಿಂಗ, ಜಂಗಮರಿಗೂ ಕಾಯಕದಿಂದ ವಿನಾಯಿತಿ ಇಲ್ಲವೆಂದು ನಿಷ್ಠುರವಾಗಿ ನುಡಿದಿರುವಾಗ, ಅರವತ್ತು ತುಂಬಿತೆಂಬ ಕಾರಣಕ್ಕೆ ಗೃಹಸ್ಥನಿಗೆ ಅದು ಹೇಗೆ ದೊರೆತೀತು?

ಮೋಳಿಗೆಯ ಮಾರಯ್ಯನ ನಿದರ್ಶನ

ದೊಡ್ಡ ಅಧಿಕಾರವನ್ನು ಬಿಟ್ಟು ಬಂದವನು ಹೇಗೆ ಬಾಳಬೇಕೆಂಬುದಕ್ಕೆ ಶರಣಚರಿತ್ರೆಯಲ್ಲಿ ಮೋಳಿಗೆಯ ಮಾರಯ್ಯನಿಗಿಂತ ಉಜ್ಜ್ವಲವಾದ ನಿದರ್ಶನವಿಲ್ಲ. ಪರಂಪರೆಯು ಹೇಳುವಂತೆ ಆತನು ಕಾಶ್ಮೀರದ ಅರಸ. ರಾಜ್ಯವನ್ನು ತೊರೆದು, ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆಯ ಹೊರೆಯನ್ನು ತಂದು ಮಾರಿ, ಬಂದುದರಲ್ಲಿ ಜಂಗಮರಿಗೆ ಅಂಬಲಿಯನ್ನು ನೀಡುತ್ತ ಬಾಳಿದನು. ಆ ಅಂಬಲಿಯ ಸವಿಯನ್ನು ಕೇಳಿ ಬಸವಣ್ಣನವರು ಮರೆಯಾಗಿ ಅವನ ಮನೆಗೆ ಹೋಗಿ, ಬಡತನವನ್ನು ಕಂಡು ಹೊನ್ನನ್ನಿರಿಸಿ ಬಂದರೆಂದೂ, ಮಾರಯ್ಯನು ಅದನ್ನು ತನಗಾಗಿ ಮುಟ್ಟದೆ ಜಂಗಮರಿಗೆ ಸಲ್ಲಿಸಿದನೆಂದೂ ಕಥೆಯುಂಟು.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಕಲ್ಯಾಣಕ್ಕೆ ಬಂದ ಅರಸನು ತನ್ನ ಹಿಂದಿನ ಪದವಿಗೆ ತಕ್ಕ ಸ್ಥಾನವನ್ನು ಅಲ್ಲಿ ಕೇಳಲಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ರಾಜ್ಯವಾಳಿದವನಿಗೆ ಒಂದು ಅಧಿಕಾರವನ್ನು ದೊರಕಿಸುವುದು ಅವರಿಗೆ ಕಷ್ಟವಾಗಿರಲಿಲ್ಲ. ಮಾರಯ್ಯನು ಕೊಡಲಿಯನ್ನು ಹಿಡಿದನು. ಇದು ಒಂದು. ಮುಪ್ಪಿನಲ್ಲಿ ಮಾರಯ್ಯನಿಗೆ ಕೈಲಾಸಕ್ಕೆ ಹೋಗುವ ಹಂಬಲ ಹುಟ್ಟಿದಾಗ, ಇದ್ದ ನೆಲೆಯಲ್ಲಿಯೇ ಅರಿವು ತುಂಬಿದವನಿಗೆ ಹೋಗುವ ಬೇರೊಂದು ಊರು ಎಲ್ಲಿಯದೆಂದು ಮಹಾದೇವಿಯು ಅವನನ್ನು ತಿದ್ದಿದಳು. ಇದು ಎರಡು. ಹಿಂದೆ ಬಿಟ್ಟ ಸಿಂಹಾಸನದ ನೆನಪೂ, ಮುಂದೆ ಸಿಕ್ಕಬೇಕಾದ ವಿಶ್ರಾಂತಿಯ ಆಸೆಯೂ ಇಂದಿನ ದಿನವನ್ನು ಕದಿಯುತ್ತವೆ. ಎರಡನ್ನೂ ಬಿಟ್ಟವನಿಗೆ ಮಾತ್ರ ಇಂದಿನ ಕಟ್ಟಿಗೆಯ ಹೊರೆ ಹಗುರವಾಗುತ್ತದೆ.

ಮೂರು ಶಂಕೆಗಳು

ಇಲ್ಲಿ ಕೆಲವು ಶಂಕೆಗಳು ಏಳುವುದು ಸಹಜ. "ಇಷ್ಟು ವರ್ಷ ಸಂಸಾರಕ್ಕಾಗಿ ದುಡಿದಾಯಿತು, ಈಗಲಾದರೂ ಪೂಜೆ, ಜಪ, ಸತ್ಸಂಗಗಳಲ್ಲಿ ಕಾಲ ಕಳೆಯಬೇಡವೇ?" ಎಂಬುದು ಮೊದಲನೆಯದು. ಕಳೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗದುಗಿನ ತೋಂಟದಾರ್ಯ ಮಠದಲ್ಲಿ 2018ರಲ್ಲಿ ಲಿಂಗೈಕ್ಯರಾದ ಸಿದ್ಧಲಿಂಗ ಮಹಾಸ್ವಾಮಿಗಳು ದಶಕಗಳ ಕಾಲ ವಾರವಾರವೂ ನಡೆಯಿಸಿದ ಶಿವಾನುಭವಗಳು ಎಷ್ಟೋ ಹಿರಿಯರ ಬಾಳನ್ನು ಬೆಳಗಿವೆ. ಆದರೆ ಆಯ್ದಕ್ಕಿ ಮಾರಯ್ಯನ ಕಥೆಯನ್ನು ಮರೆಯಬಾರದು. ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿದ್ದ ಅವನನ್ನು, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿ ಎಬ್ಬಿಸಿದವಳು ಮಡದಿ ಲಕ್ಕಮ್ಮ. ಸತ್ಸಂಗವು ಕಾಯಕಕ್ಕೆ ಬಲ ಕೊಡಬೇಕು, ಅದರ ಸ್ಥಾನವನ್ನು ಆಕ್ರಮಿಸಬಾರದು. ಬೆಳಗಿನಿಂದ ಬೈಗಿನವರೆಗೆ ಮಠದ ಕಟ್ಟೆಯ ಮೇಲೆ ಕುಳಿತು ಊರಿನ ಸುದ್ದಿಯನ್ನಾಡಿ, ಅದನ್ನು ಸತ್ಸಂಗವೆಂದು ಕರೆಯುವುದಂತೂ ಆತ್ಮವಂಚನೆ.

"ಮೈಯಲ್ಲಿ ಕಸುವಿಲ್ಲ; ಕಾಯವೇ ಸೋತಿರುವಾಗ ಕಾಯಕವೆಂತು?" ಎಂಬುದು ಎರಡನೆಯ ಶಂಕೆ. ಕಾಯಕ್ಕೆ ತಕ್ಕ ಕಾಯಕ ಎಂಬುದೇ ಇದರ ಸಮಾಧಾನ. ಕಲ್ಯಾಣದಲ್ಲಿ ಹೊರೆ ಹೊತ್ತವರಿದ್ದಂತೆ ಲೆಕ್ಕ ಬರೆದವರೂ ಇದ್ದರು. ಬಟ್ಟೆ ಒಗೆದವರಿದ್ದಂತೆ ನೂಲು ತೆಗೆದವರೂ ಇದ್ದರು. ಬೆಟಗೇರಿಯ ನೇಕಾರನೊಬ್ಬನನ್ನು ಎಣಿಸಿಕೊಳ್ಳಲಿ. ಅವನಿಗೆ ನಿವೃತ್ತಿಯ ಆದೇಶವನ್ನು ಯಾರೂ ಕೊಡುವುದಿಲ್ಲ, ಕಣ್ಣೇ ಕೊಡುತ್ತದೆ. ಎಳೆ ಕಾಣದಾದ ದಿನ ಅವನು ಮಗ್ಗದಿಂದ ಏಳುತ್ತಾನೆ. ಆದರೆ ಹಾಸನ್ನು ಹೇಗೆ ಹೂಡಬೇಕು, ಬಣ್ಣ ಎಲ್ಲಿ ಒಡೆಯುತ್ತದೆ, ಅಂಚು ಏಕೆ ಸೊಟ್ಟಾಗುತ್ತದೆ ಎಂಬ ಅರಿವು ಕಣ್ಣಿನ ಜೊತೆಗೆ ಮಾಸುವುದಿಲ್ಲ. ಬೆರಳಿನಿಂದ ಮುಟ್ಟಿ ಬಟ್ಟೆಯ ಗುಣವನ್ನು ಹೇಳಬಲ್ಲ ಆ ಅರಿವನ್ನು ಒಬ್ಬ ಎಳೆಯನಿಗೆ ದಾಟಿಸದೆ ಹೋದರೆ, ಅವನೊಡನೆ ಮೂರು ತಲೆಮಾರಿನ ವಿದ್ಯೆಯೂ ಮಣ್ಣಾಗುತ್ತದೆ. ದುಡಿಯುವ ಕೈ ಸೋತಾಗ ಕಲಿಸುವ ಕೈ ಏಳಬೇಕು.

ಮೂರನೆಯ ಶಂಕೆ ಹಣದ್ದು. "ಮತ್ತೆ ದುಡಿಯುವುದಾದರೆ ಮತ್ತೆ ಗಳಿಸಬಾರದೇಕೆ?" ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಸಲ್ಲದು. ಕರ್ನಾಟಕ ಸರಕಾರದ ಸೇವೆಗೆ 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆಯ ಪದ್ಧತಿಯ ನಿವೃತ್ತಿವೇತನವುಂಟು. ಅನಂತರದವರಿಗೆ ಪಾಲುಹಣದ ಹೊಸ ಪದ್ಧತಿ ಬಂದಿತು. ರೈತರು, ನೇಕಾರರು, ಅಂಗಡಿಯ ಗುಮಾಸ್ತರು ಇವರಿಗೆ ಎರಡೂ ಇಲ್ಲ. ಅನ್ನಕ್ಕೆ ಬೇಕಾದವನು ಗಳಿಸಲಿ. ಅದು ಸತ್ಯಶುದ್ಧವಾಗಿದ್ದರೆ ಅದೇ ಕಾಯಕ. ಆದರೆ ತಿಂಗಳ ಮೊದಲ ದಿನ ನಿಶ್ಚಿತವಾಗಿ ವೇತನ ಬರುವವನು ಲಕ್ಕಮ್ಮನ ಒರೆಗಲ್ಲಿಗೆ ತನ್ನನ್ನು ತಿಕ್ಕಿ ನೋಡಿಕೊಳ್ಳಬೇಕು. ಗಂಡನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಅತಿಯಾಸೆ ನಮಗೆ ಸಲ್ಲದು, ತಂದಲ್ಲಿಗೇ ಸುರಿದು ಬಾ ಎಂದವಳು ಆಕೆ. ಹೊಟ್ಟೆ ತುಂಬಿದವನು ಇನ್ನೊಂದು ಸಂಬಳಕ್ಕೆ ಕೈಚಾಚಿದಾಗ, ಅದೇ ಸ್ಥಾನಕ್ಕೆ ಕಾದುಕುಳಿತ ಯುವಕನೊಬ್ಬನ ಅನ್ನಕ್ಕೆ ಅಡ್ಡ ಬಂದಂತೆ ಆಗುವುದಿಲ್ಲವೇ? ನಿವೃತ್ತಿವೇತನವನ್ನು ಹಿಂದಿನ ದುಡಿಮೆಯ ಕೂಲಿಯೆಂದು ಮಾತ್ರ ಎಣಿಸದೆ, ಮುಂದಿನ ದಾಸೋಹಕ್ಕೆ ಸಮಾಜವು ಕೊಟ್ಟ ಬುತ್ತಿಯೆಂದು ಎಣಿಸಿದರೆ ಈ ಶಂಕೆ ತಾನಾಗಿಯೇ ಅಡಗುತ್ತದೆ.

ಈ ನೆಲದ ದೃಷ್ಟಾಂತಗಳು

ಪುರಾತನರ ಕಥೆಯನ್ನು ಕೇಳಿ, "ಅವರು ಕಾರಣಪುರುಷರು, ನಮ್ಮಿಂದಾದೀತೇ?" ಎಂದು ಕೈಬಿಡುವವರಿಗಾಗಿ ಸಮೀಪದ ಕಾಲದ ದೃಷ್ಟಾಂತಗಳನ್ನು ನೋಡಬಹುದು.

ಗದಗಿನ ಹತ್ತಿರದ ಕಣಗಿನಹಾಳ ಒಂದು ಸಣ್ಣ ಹಳ್ಳಿ. ಆ ಊರಿನ ಗೌಡರಾಗಿದ್ದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1843ರಲ್ಲಿ ಹುಟ್ಟಿದವರು. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆ ಬಂದಾಗ ಅವರು ಅರವತ್ತನ್ನು ದಾಟಿದ್ದರು. ಆ ವಯಸ್ಸಿನಲ್ಲಿ, 1905ರಲ್ಲಿ, ಅವರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಅದು ಭಾರತದ ಮೊದಲ ಸಹಕಾರ ಸಂಘವೆಂದು ಹೆಸರಾಯಿತು. ಆ ಕಾಯಿದೆಯ ಕ್ರಮದಲ್ಲಿ ಹಳ್ಳಿಯ ಸಂಘದ ಸದಸ್ಯರು ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆಗಾರರು. ಅಂಥ ಸಂಘವು ನಿಲ್ಲಬೇಕಾದರೆ ಬೇಕಾದುದೇನು? ಯಾರ ಹೊಲ ಎಷ್ಟು, ಯಾರು ಮಾತಿಗೆ ನಿಲ್ಲುವವರು, ಯಾರು ಮಳೆ ಕೈಕೊಟ್ಟ ವರ್ಷವೂ ಸಾಲವನ್ನು ಮರಳಿಸುವವರು ಎಂಬ ತಿಳಿವಳಿಕೆ. ಊರನ್ನು ಬಹುಕಾಲ ನೋಡಿದ ಗೌಡನಿಗಲ್ಲದೆ ಈ ತಿಳಿವಳಿಕೆ ಇನ್ನಾರಿಗೆ ಇದ್ದೀತು? ಆಳುವುದಕ್ಕೆ ಒದಗುವ ಅರಿವೇ ಅಲ್ಲಿ ಬಡವರನ್ನು ಸಾಲದ ಕುಣಿಕೆಯಿಂದ ಬಿಡಿಸುವುದಕ್ಕೆ ಒದಗಿತು. ಅರಿವು ಹಳೆಯದು, ಬಳಕೆ ಹೊಸದು. ಅವರು 1933ರವರೆಗೆ ಬಾಳಿದರು. ಅವರ ಹೆಸರನ್ನು ಉಳಿಸಿದ ಕೆಲಸವು ಇತರರು ಮಂಚವನ್ನು ಹುಡುಕುವ ವಯಸ್ಸಿನಲ್ಲಿ ಮೊದಲಾಯಿತು.

ಎರಡನೆಯ ದೃಷ್ಟಾಂತ ವಚನಪಿತಾಮಹ ಫ. ಗು. ಹಳಕಟ್ಟಿಯವರದು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲರಾಗಿ ಹೆಸರು ಮಾಡಿದವರು ಅವರು. ತಾಳೆಗರಿಗಳ ಕಟ್ಟುಗಳಲ್ಲಿ ಹುಳು ತಿನ್ನುತ್ತಿದ್ದ ವಚನಗಳ ಬೆನ್ನು ಹತ್ತಿ, ಮನೆಮನೆ ಮಠಮಠ ತಿರುಗಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಅಚ್ಚಿನ ಕೆಲಸಕ್ಕಾಗಿ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ನಿಲ್ಲಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಯಿಸಿದರು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಗೌರವ ಡಾಕ್ಟರೇಟನ್ನು ಅರ್ಪಿಸಿದಾಗ ಅವರಿಗೆ ಎಪ್ಪತ್ತಾರು. 1964ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಅವರು ಬಿಟ್ಟುಹೋದುದು ಆಸ್ತಿಯನ್ನಲ್ಲ, ಒಂದು ಜನಾಂಗದ ಧರ್ಮಗ್ರಂಥವನ್ನು. ಇಲ್ಲಿ ಕಲಿಯತಕ್ಕ ಸೂಕ್ಷ್ಮವೊಂದುಂಟು. ಸಾಕ್ಷಿಗೆ ಸಾಕ್ಷಿಯನ್ನು ಒರೆದು, ಕಾಗದಕ್ಕೆ ಕಾಗದವನ್ನು ತಾಳೆ ನೋಡುವುದು ವಕೀಲನ ಅಭ್ಯಾಸ. ಪ್ರತಿಗೆ ಪ್ರತಿಯನ್ನು ಹೋಲಿಸಿ ಪಾಠವನ್ನು ನಿಶ್ಚಯಿಸುವುದು ಸಂಪಾದಕನ ಕೆಲಸ. ವೃತ್ತಿಯಲ್ಲಿ ಪಳಗಿದ ಬುದ್ಧಿಯು ಕಾಯಕದಲ್ಲಿ ಫಲಿಸಿತು. ಇನ್ನೊಂದು ಸೂಕ್ಷ್ಮ: ಅವರು ಈ ಕೆಲಸಕ್ಕೆ ಮುಪ್ಪು ಬರಲೆಂದು ಕಾಯಲಿಲ್ಲ. ನಡುವಯಸ್ಸಿನಲ್ಲಿ ನೆಟ್ಟುದು ಮುಪ್ಪಿನಲ್ಲಿ ನೆರಳಾಯಿತು.

ಮೂರನೆಯದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತವನ್ನು ಸಾಧಿಸಿ, ಅಂಧರಿಗೂ ಅನಾಥರಿಗೂ ಅನ್ನವನ್ನೂ ವಿದ್ಯೆಯನ್ನೂ ನೀಡಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಆ ಹೊರೆಯನ್ನು ಹೊತ್ತು, 2010ರಲ್ಲಿ ತೊಂಬತ್ತಾರನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ ಇಳಿಸಲಿಲ್ಲ. ಕಣ್ಣಿಲ್ಲದವರು ಅರವತ್ತಾರು ವರ್ಷ ಒಂದು ಆಶ್ರಮವನ್ನು ನಡೆಯಿಸಿದ ಊರಿನಲ್ಲಿ, ಕಣ್ಣುಳ್ಳವರು ಅರವತ್ತಕ್ಕೆ ಕೈಕಟ್ಟಿ ಕುಳಿತುಕೊಳ್ಳುವುದು ನಾಚಿಕೆಯ ಮಾತಲ್ಲವೇ?

ಒಂದು ಎಚ್ಚರಿಕೆ

ಕಾಯಕದ ಹೆಸರಿನಲ್ಲಿ ಮತ್ತೊಂದು ಬಲೆಯೂ ಉಂಟು. ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿ, ಗುಡಿಯನ್ನು ಎತ್ತಿಸಿ ಲೋಕೋಪಕಾರದಲ್ಲಿ ಮುಳುಗಿದ್ದನು. ಅಲ್ಲಿಗೆ ಬಂದ ಅಲ್ಲಮಪ್ರಭುವು ಕೆರೆಯನ್ನು ಹಳಿಯಲು ಬರಲಿಲ್ಲ. ಕಟ್ಟಿಸಿದೆನೆಂಬ ಭಾವವನ್ನು ಕರಗಿಸಲು ಬಂದನು. ಕಚೇರಿಯ ಕುರ್ಚಿ ಹೋಯಿತೆಂದು ಸಂಘದ ಕುರ್ಚಿ, ಸಮಿತಿಯ ಕುರ್ಚಿ, ಜಾತ್ರೆಯ ವೇದಿಕೆಯ ಕುರ್ಚಿಗಳನ್ನು ಹುಡುಕುತ್ತ ಹೋಗುವವನು ಕಾಯಕಕ್ಕೆ ಹೊರಟವನಲ್ಲ. ಅವನು ಕಳೆದುಹೋದ ಗೌರವಕ್ಕೆ ಬದಲಿಯನ್ನು ಅರಸುತ್ತಿದ್ದಾನೆ. ಕುರ್ಚಿಗಾಗಿ ನಡೆದ ಜಗಳಗಳಿಂದ ಎಷ್ಟೋ ಒಳ್ಳೆಯ ಸಂಸ್ಥೆಗಳು ಕೆಟ್ಟಿವೆ. ನೆಲದ ಮೇಲೆ ಕುಳಿತು ಮಾಡಬಹುದಾದ ಕೆಲಸ ಯಾವುದೆಂದು ಕೇಳಿಕೊಂಡರೆ ಈ ಬಲೆಯಿಂದ ತಪ್ಪಿಸಿಕೊಳ್ಳಬಹುದು.

ಆಚರಣೆಯ ಕ್ರಮ

ಇನ್ನು ನಡೆಯಲ್ಲಿ ತರುವ ಬಗೆ. ಮೊದಲನೆಯದಾಗಿ, ಗೃಹಸ್ಥನು ತನ್ನಲ್ಲಿರುವ ವಿದ್ಯೆಯನ್ನು ಲೆಕ್ಕ ಹಾಕಬೇಕು. ಆಸ್ತಿಯ ಪಟ್ಟಿಯನ್ನು ಬರೆಯುವಂತೆ ಇದನ್ನೂ ಬರೆಯಲಿ. ಅಂಚೆಯಲ್ಲಿ ದುಡಿದವನಿಗೆ ಉಳಿತಾಯದ ಕ್ರಮ ಗೊತ್ತು. ಕಂದಾಯ ಇಲಾಖೆಯವನಿಗೆ ಪಹಣಿಯ ಗಂಟುಗಳು ಗೊತ್ತು. ಬ್ಯಾಂಕಿನವನಿಗೆ ಸಾಲದ ಬಡ್ಡಿಯ ಒಳಗುಟ್ಟು ಗೊತ್ತು. ಮುಂಡರಗಿ ಶಿರಹಟ್ಟಿಗಳ ಹಳ್ಳಿಯಿಂದ ಬಂದು, ಒಂದು ಅರ್ಜಿಯನ್ನು ತುಂಬಲಾರದೆ ಕಚೇರಿಯಿಂದ ಕಚೇರಿಗೆ ಅಲೆಯುವ ಮುದುಕಿಗೆ ಇವರಲ್ಲಿ ಯಾರಾದರೂ ದೇವರಂತೆಯೇ ಕಾಣುತ್ತಾರೆ. ಈಗ ಅರ್ಜಿಗಳು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಸಾಗುವ ಕಾಲ. ಅವನ್ನು ಮೊಮ್ಮಕ್ಕಳಿಂದ ಕಲಿತು, ಕಲಿಯಲಾರದವರ ಪರವಾಗಿ ಮಾಡಿಕೊಡುವುದೂ ಕಾಯಕವೇ.

ಎರಡನೆಯದಾಗಿ, ಹೊತ್ತನ್ನು ಕಟ್ಟಬೇಕು. ಮನಸ್ಸು ಬಂದಾಗ ಮಾಡುವುದು ಹವ್ಯಾಸ. ಹೊತ್ತಿಗೆ ಸರಿಯಾಗಿ ಮಾಡುವುದು ನೇಮ. ದಿನಕ್ಕೆ ಎರಡು ತಾಸು ಸಾಕು, ಆದರೆ ತಪ್ಪಬಾರದು. ಓಣಿಯ ನಾಲ್ಕು ಮಕ್ಕಳಿಗೆ ಸಂಜೆ ಗಣಿತವನ್ನು ಹೇಳಿಕೊಡುವ ನಿವೃತ್ತ ಶಿಕ್ಷಕನಿಗಾಗಿ ಆ ನಾಲ್ಕು ಮಕ್ಕಳು ಬಾಗಿಲಲ್ಲಿ ಕಾಯುವರು. ತನಗಾಗಿ ಯಾರೋ ಕಾಯುತ್ತಿದ್ದಾರೆಂಬ ಅರಿವಿಗಿಂತ ದೊಡ್ಡ ಔಷಧ ಮುಪ್ಪಿಗೆ ಇಲ್ಲ.

ಮೂರನೆಯದಾಗಿ, ತನ್ನ ಹಳೆಯ ಪದವಿಯನ್ನು ಹೊಸ್ತಿಲಾಚೆ ಬಿಟ್ಟು ಒಳಬರಬೇಕು. ಸಾಹೇಬರಾಗಿದ್ದವರು ಶಿರಹಟ್ಟಿಯ ಫಕೀರೇಶ್ವರ ಮಠದ ಪ್ರಸಾದದ ಪಂಕ್ತಿಯಲ್ಲಿ ಎಲೆ ಹಾಕಿದರೆ ಅವರಿಗೆ ಕುಂದೇನೂ ಇಲ್ಲ. ಕಾಶ್ಮೀರದ ಅರಸನೇ ಕಟ್ಟಿಗೆ ಹೊತ್ತಿದ್ದಾನೆ.

ನಾಲ್ಕನೆಯದಾಗಿ, ಮನೆಯೊಳಗಿನ ಮಾತು. ಗಂಡನಿಗೆ ಅರವತ್ತಕ್ಕೆ ಬಿಡುವು ಕೊಟ್ಟ ಲೋಕವು ಹೆಂಡತಿಗೆ ಎಂದೂ ಬಿಡುವನ್ನು ಕೊಡಲಿಲ್ಲ. ನಿವೃತ್ತನಾಗಿ ಮನೆಯಲ್ಲಿ ಕುಳಿತು ಮೂರು ಸಲ ಚಹ ಕೇಳುವವನು ಆಕೆಯ ಹೊರೆಯನ್ನು ಹೆಚ್ಚಿಸಿದಂತಾಯಿತು. ಅವನ ಮೊದಲ ಕಾಯಕವು ಅಡಿಗೆಯ ಮನೆಯಿಂದಲೇ ಆರಂಭವಾಗಬಹುದು. ಅಂತೆಯೇ ಸೊಸೆಗೆ ಬೀಗದ ಕೈಯನ್ನು ಒಪ್ಪಿಸಿದ ಅತ್ತೆಯು, ಕೈ ಕೊಟ್ಟ ಮೇಲೆ ಪೆಟ್ಟಿಗೆಯನ್ನು ಕಾಯುತ್ತ ಕೂರಬಾರದು. ಆಕೆಯಲ್ಲಿಯೂ ವಿದ್ಯೆಯುಂಟು: ಬಾಣಂತಿಯ ಆರೈಕೆ, ಕಾಳುಕಡಿಗಳ ಸಂಗ್ರಹ, ಕೌದಿಯ ಹೊಲಿಗೆ, ನಾಲಗೆಯ ಮೇಲೆ ನಿಂತ ನೂರು ವಚನಗಳು. ಇವನ್ನು ಕಲಿಯುವ ಹೆಣ್ಣುಮಗಳೊಬ್ಬಳು ಓಣಿಯಲ್ಲಿ ಇದ್ದೇ ಇರುತ್ತಾಳೆ.

ಐದನೆಯದಾಗಿ, ಇನ್ನೂ ಐವತ್ತರಲ್ಲಿರುವವರು ಈ ಪಾಠವನ್ನು ಹಿರಿಯರಿಗೆಂದು ಪಕ್ಕಕ್ಕಿಡಬಾರದು. ಹಳಕಟ್ಟಿಯವರಂತೆ ಈಗಲೇ ಬೀಜವನ್ನು ಊರಬೇಕು. ಆದೇಶದ ಕಾಗದ ಕೈಗೆ ಬಂದ ದಿನ ಕಾಯಕವನ್ನು ಹುಡುಕುವವನು ಬಾಯಾರಿದ ಮೇಲೆ ಬಾವಿಯನ್ನು ತೋಡುವವನಂತೆ.

ಉಪಸಂಹಾರ

ಮೊದಲು ಎತ್ತಿದ ಪ್ರಶ್ನೆ "ನನ್ನಿಂದ ಯಾರಿಗೆ ಏನಾಗಬೇಕಾಗಿದೆ?" ಎಂಬುದು. ಈ ಪ್ರಶ್ನೆಯಲ್ಲಿಯೇ ಉತ್ತರವಿದೆ. ಕೊರಗಿನ ಸ್ವರದಲ್ಲಿ ಕೇಳಿದರೆ ಅದು ಬಾಗಿಲನ್ನು ಮುಚ್ಚುತ್ತದೆ. ಅದೇ ಮಾತನ್ನು ದಾಸೋಹಿಯು ನಿತ್ಯ ಬೆಳಗ್ಗೆ ಜಂಗಮನ ಎದುರಿಗೆ ನಿಂತು ಕೈಮುಗಿದು ಕೇಳುತ್ತಾನೆ. ಸ್ವರವೊಂದು ಬದಲಾದರೆ ದುಃಖವೇ ವ್ರತವಾಗುತ್ತದೆ. ಹೊರಗಿನ ವೃತ್ತಿಯಿಂದ ಮರಳಿದ ಗೃಹಸ್ಥನು ಒಳಗಿನ ಅಹಂಕಾರದಿಂದಲೂ ಮರಳಿದರೆ, ಶಾಸ್ತ್ರವು ಹೇಳಿದ ನಿವೃತ್ತಿಯೂ ಶರಣರು ಹೇಳಿದ ಕಾಯಕವೂ ಒಂದೇ ಅಂಗಳದಲ್ಲಿ ಕೂಡುತ್ತವೆ. ಹತ್ತು ಗಂಟೆಗೆ ಕಾಲು ತಾನಾಗಿಯೇ ಚಪ್ಪಲಿಯ ಕಡೆಗೆ ನಡೆದಾಗ ಅದನ್ನು ತಡೆಯಬೇಕಾಗಿಲ್ಲ. ಹೋಗಬೇಕಾದ ಮನೆಯೊಂದು, ಕಾಯುತ್ತಿರುವ ಮಗುವೊಂದು, ತುಂಬಬೇಕಾದ ಅರ್ಜಿಯೊಂದು ಓಣಿಯ ತಿರುವಿನಲ್ಲಿಯೇ ಇದೆ.